ಒಂದೇ ಸಲ ಕರೆಯುವ ಊರು

ಸಿನಿಮಾದವರು ಬಂದದ್ದು ಮಂಗಳವಾರ, ಪೆದ್ರುವಿನ ದೋಣಿಯಲ್ಲಿ. ಆ ಕಡೆಯ ದಡದಿಂದ ಹೊರಡುವಾಗ ಏಳು ಜನ ಇದ್ದರಂತೆ. ತಾಯಿಯ ಪಾತ್ರಕ್ಕೆಂದು ಕರೆತಂದ ಹೆಂಗಸು ದಾರಿಯುದ್ದಕ್ಕೂ ಕಾರಿಕೊಂಡು, ನಮ್ಮ ದ್ವೀಪದ ಮರಳಿನ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲನ್ನು ದೋಣಿಯಿಂದ ತೆಗೆಯುವ ಮೊದಲೇ “ನನ್ನನ್ನ ವಾಪಸ್ ಬಿಟ್ಬಿಡಿ” ಎಂದಳು. ಪೆದ್ರು ಅದೇ ದೋಣಿಯಲ್ಲಿ ಅವಳನ್ನು ತಿರುಗಿ ಕರೆದುಕೊಂಡು ಹೋದ. ಉಳಿದವರು ಆರು ಜನ, ಒಂದು ಕ್ಯಾಮರಾ, ಒಂದು ಒಲೆ, ಬೆಳಕು ತಿರುಗಿಸುವುದಕ್ಕೆ ಥರ್ಮಾಕೋಲಿನ ಒಂದು ಬಿಳಿ ಹಲಗೆ. ಆ ಹಲಗೆಯ ಒಂದು ಮೂಲೆ ದೋಣಿಯಲ್ಲಿ ಯಾರದೋ ಕಾಲಡಿಗೆ ಸಿಕ್ಕಿ ಮುರಿದಿತ್ತು. ಅಡುಗೆ ಮಾಡುತ್ತಿದ್ದವನೇ ನಿರ್ದೇಶಕ. ಹೆಸರು ನಿರಂಜನ. “ಸಣ್ಣ ಸಿನಿಮಾ ಅಮ್ಮ, ಮನೆಮಂದಿಯ ಕಥೆ” ಎಂದು ಎಲ್ಲರ ಹತ್ತಿರವೂ ಹೇಳುತ್ತಿದ್ದ, ತಪ್ಪು ಮಾಡಿದವನ ಹಾಗೆ.

ಅಂದು ಸಂಜೆಯೊಳಗೆ ಅವನಿಗೆ ಒಬ್ಬ ತಾಯಿ ಬೇಕಾಗಿತ್ತು. ಮನೆಮನೆಗೆ ಹೋಗಿ ನಮ್ಮ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡಿದ. ಕೆಲವರು ನಕ್ಕರು, ಕೆಲವರು ಸೆರಗು ಬಾಯಿಗೆ ಕೊಟ್ಟು ಒಳಗೆ ಓಡಿದರು. ಪಕ್ಕದ ಮನೆಯ ದುಗ್ಗಕ್ಕ ಕೇಳುವ ಮೊದಲೇ ಅತ್ತು ತೋರಿಸಿದಳು. ನಾನು ಜಗಲಿಯಲ್ಲಿ ಕೂತು ಒಣಸೀಗಡಿಯ ತಲೆ ಮುರಿಯುತ್ತಿದ್ದೆ. ಅವನು ಬಹಳ ಹೊತ್ತು ನಿಂತು ನೋಡಿದ.

“ನಿಮ್ಮ ಮುಖದಲ್ಲಿ ಏನೂ ಗೊತ್ತಾಗಲ್ಲ ಅಮ್ಮ” ಎಂದ.

“ಗೊತ್ತಾಗ್ಲಿಕ್ಕೆ ಎಂತ ಉಂಟು?” ಎಂದೆ.

“ಇದೇ ನನಗೆ ಬೇಕಾಗಿದ್ದು.”

ಅವನು ಹೇಳಿದ ಕಥೆ ಇಷ್ಟು: ಜಗಳವಾಡಿಕೊಂಡು ದ್ವೀಪ ಬಿಟ್ಟುಹೋದ ಮಗ ಎಷ್ಟೋ ವರ್ಷದ ಮೇಲೆ ಬರುತ್ತಾನೆ. ಮುಚ್ಚಿದ ಬಾಗಿಲ ಮುಂದೆ ನಿಂತು ಅವ್ವಾ ಎಂದು ಕರೆಯುತ್ತಾನೆ. ತಾಯಿ ಒಳಗೆ ಕೂತು ಸುಮ್ಮನಿರುತ್ತಾಳೆ. “ಕೊನೆಗೆ ಬಾಗಿಲು ತೆಗೀತೀರಿ, ಅಷ್ಟೇ” ಎಂದ. ಸುಮ್ಮನಿರುವುದು ನನಗೆ ಹೊಸದಲ್ಲ, ಬಾಗಿಲು ದಿನವೂ ತೆಗೆಯುತ್ತೇನೆ. ಆಗಲಿ ಎಂದೆ. ಇನ್ನೂ ಒಂದು ಮಾತು ಅವನು ಹೇಳಬೇಕಾಗಿತ್ತು. ಅವನಿಗೆ ಅದು ಮಾತು ಅನ್ನಿಸಿರಲಿಲ್ಲ.

ನಮ್ಮ ಊರಿನಲ್ಲಿ ಕೂಸು ಮೊದಲ ಸಲ ಅವ್ವಾ ಎಂದು ಕರೆದ ದಿನ ನೆರೆಹೊರೆಯವರಿಗೆಲ್ಲ ಬೆಲ್ಲ ಹಂಚುತ್ತಾರೆ. ಹೆತ್ತವಳು ಎಲ್ಲರೆದುರು ಓ ಎನ್ನುತ್ತಾಳೆ. ಅಂದಿನಿಂದ ಆ ಕೂಸಿನ ಹಸಿವು ಅವಳ ಹೊಟ್ಟೆಗೆ ಬರುತ್ತದೆ. ಮೀನು ಒಣಗಿಸುವ ಹೆಂಗಸರು ಮಧ್ಯಾಹ್ನ ಮಾತಾಡುತ್ತಲೇ ಹೊಟ್ಟೆ ಹಿಡಿದುಕೊಂಡು “ನಮ್ಮವ ಶಾಲೆಯಲ್ಲಿ ಬುತ್ತಿ ಚೆಲ್ಲಿಕೊಂಡಿದ್ದಾನೆ” ಎಂದು ಎದ್ದು ಹೋಗುವುದುಂಟು. ತಾವು ಎಷ್ಟು ಉಂಡರೂ ಆ ಸಂಕಟ ಇಳಿಯುವುದಿಲ್ಲ, ಮಗು ಉಣ್ಣಬೇಕು. ದೋಣಿಗಳು ಕರಿಬಂಡೆ ದಾಟಿ ಆಚೆ ಹೋದರೆ ಗಂಡುಮಕ್ಕಳ ಹಸಿವು ತಾಯಂದಿರಿಗೆ ತಿಳಿಯುವುದು ನಿಂತುಹೋಗುತ್ತದೆ. ತಿರುಗಿ ಬರುವಾಗ ಬಂಡೆ ದಾಟಿದ ಕೂಡಲೇ ಊರಿನ ಅರ್ಧ ಮನೆಗಳಲ್ಲಿ ಅಕ್ಕಿ ತೊಳೆಯುವ ಸದ್ದು ಕೇಳಿಸುತ್ತದೆ. ಹೆತ್ತವಳೇ ಆಗಬೇಕೆಂದಿಲ್ಲ, ಯಾರು ಕರೆದರೂ ಓ ಎಂದರೆ ಆಯಿತು. ಹಾಗಾಗಿ ನಮ್ಮಲ್ಲಿ ಯಾರೂ ಬಾಯಿತಪ್ಪಿ ಓ ಎನ್ನುವುದಿಲ್ಲ. ಕರೆದರೆ “ಎಂತ?” ಎನ್ನುತ್ತೇವೆ, ಇಲ್ಲವೇ “ಬಂದೆ” ಎನ್ನುತ್ತೇವೆ. ಇನ್ನೊಂದು ಪದ್ಧತಿಯೂ ಇದೆ. ಅವ್ವಾ ಎಂದು ಕರೆದಾಗ ಓ ಬರದಿದ್ದರೆ ಮತ್ತೆ ಕರೆಯುವಂತಿಲ್ಲ. ಅನ್ನವನ್ನು ಬೇಡಬಹುದು, ಓ ಅನ್ನು ಬೇಡಬಾರದು ಎನ್ನುತ್ತಾರೆ ಹಿರಿಯರು. ಕರೆಸಿಕೊಳ್ಳುವವರೂ ಕರೆ ಬರದೆ ತಾವಾಗಿಯೇ ಓ ಎನ್ನುವಂತಿಲ್ಲ.

ನನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಮೂವತ್ತಾರು ವರ್ಷದ ಹಿಂದೆ ನನ್ನ ಗಂಡ ಆಚೆ ದಡದಿಂದ ನಾಲ್ಕು ವರ್ಷದ ಒಂದು ಹುಡುಗಿಯನ್ನು ಕರೆತಂದ. ಅವಳ ತಾಯಿ ತೀರಿಕೊಂಡಿದ್ದಳಂತೆ. ಮೂಗು ಗಂಡನದೇ ಆಗಿತ್ತು, ನಾನು ಬೇರೇನೂ ಕೇಳಲಿಲ್ಲ. ದೋಣಿಯಲ್ಲಿ ಅವನು ಹೇಳಿಕೊಟ್ಟಿರಬೇಕು. ಹುಡುಗಿ ಹೊಸ್ತಿಲ ಆಚೆ ನಿಂತು ನನ್ನನ್ನು ನೋಡಿ “ಅವ್ವಾ” ಎಂದಳು. ನಾನು “ಕಾಲು ತೊಳ್ಕೊಂಡು ಬಾ” ಎಂದೆ. ಅದು ಓ ಅಲ್ಲ. ಒಂದು ಹಗಲು ಒಂದು ಇರುಳು ಕೋಪ ಮಾಡಿಕೊಳ್ಳುವ ಹಕ್ಕು ನನಗಿದೆ, ನಾಳೆ ಕರೆದಾಗ ಓ ಎಂದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ದುಗ್ಗಕ್ಕನ ಮಕ್ಕಳು ಅವಳನ್ನು ಆಟಕ್ಕೆ ಕರೆದುಕೊಂಡು ಹೋಗಿ ಊರಿನ ಪದ್ಧತಿಯನ್ನೆಲ್ಲ ಹೇಳಿಕೊಟ್ಟಿದ್ದರು. ಮರುದಿನ ಅವಳು ಕರೆಯಲಿಲ್ಲ. ಆಮೇಲೆಯೂ ಕರೆಯಲಿಲ್ಲ. ಹೆಸರು ಗುಲಾಬಿ.

ಅವಳನ್ನು ಸಾಕಿದೆ. ಹಸಿವು ನನಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಮೂರು ಗೀಟು ಎಳೆದೆ. ಬಿಸಿಲು ಗೀಟಿಗೆ ಬಂದಾಗ ಬಡಿಸುತ್ತಿದ್ದೆ. ಎಷ್ಟು ಬೇಕೆಂದೂ ತಿಳಿಯುತ್ತಿರಲಿಲ್ಲ. ಕಡಿಮೆಯಾಯಿತು ಎಂದು ಯಾರೂ ಅನ್ನಬಾರದೆಂದು ಯಾವಾಗಲೂ ಒಂದು ಸೌಟು ಹೆಚ್ಚು ಹಾಕಿದೆ. ಅವಳು ಒಂದು ದಿನವೂ ಸಾಕು ಎನ್ನಲಿಲ್ಲ, ಒಂದು ಅಗುಳೂ ಬಿಡಲಿಲ್ಲ. ಗಂಡ ಜ್ವರದಲ್ಲಿ ಹೋದ ಮೇಲೆ ನಾವಿಬ್ಬರೇ ಉಳಿದೆವು. ನನ್ನನ್ನು ಕರೆಯುವುದಕ್ಕೆ ಅವಳ ಹತ್ತಿರ ಶಬ್ದವಿಲ್ಲ. “ಇಲ್ಲಿ ಕೇಳಿ” ಎನ್ನುತ್ತಾಳೆ, ಇಲ್ಲವೇ ತಟ್ಟೆಯ ಅಂಚನ್ನು ಉಗುರಿನಿಂದ ಬಡಿಯುತ್ತಾಳೆ. ಒಮ್ಮೆ ಸ್ನಾನದ ಕೊಟ್ಟಿಗೆಯಲ್ಲಿ ನಾಗರಹಾವು ನನ್ನ ಬೆನ್ನ ಹಿಂದೆಯೇ ಇದ್ದಾಗಲೂ ಚಪ್ಪಾಳೆ ತಟ್ಟಿದಳು. ಓದಿ ಟೀಚರಾದಳು, ಮುದುಕಿಯರಿಗೆ ರಾತ್ರಿಶಾಲೆ ಶುರು ಮಾಡಿದಳು. ಐವತ್ತೆಂಟನೆಯ ವಯಸ್ಸಿಗೆ ನಾನೂ ಸ್ಲೇಟು ಹಿಡಿದೆ. ಹಾಜರಿಯಲ್ಲಿ ಮಾತ್ರ ಅವಳು ನನ್ನ ಹೆಸರು ಹಿಡಿದು ಕರೆಯಲೇಬೇಕಾಗಿತ್ತು. “ಜಟ್ಟಮ್ಮ” ಎನ್ನುತ್ತಿದ್ದಳು. ನಾನು “ಇದ್ದೇನೆ” ಎನ್ನುತ್ತಿದ್ದೆ. ನಾಲ್ಕು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಸ್ವರಗಳನ್ನು ಹೇಳಿಕೊಡುವಾಗ ಓ ಬಂದರೆ ಕರಿಹಲಗೆಯ ಮೇಲೆ ಬರೆದು, ಕೋಲಿನಿಂದ ತೋರಿಸಿ, ಓದಿ ಹೇಳದೆಯೇ ಮುಂದಿನದಕ್ಕೆ ಹೋಗುತ್ತಿದ್ದಳು.

ಬುಧವಾರ ಶೂಟಿಂಗ್ ನಮ್ಮ ಮನೆಯಲ್ಲೇ. ಮಗನ ಪಾತ್ರದವನ ಹೆಸರು ಭರತೇಶ. ಕೆನ್ನೆ ಒಳಗೆ ಹೋಗಿತ್ತು. ಸೊರಗಿ ಬಂದ ಮಗನ ಹಾಗೆ ಕಾಣಬೇಕೆಂದು ಎರಡು ತಿಂಗಳಿಂದ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಬಿಟ್ಟು ಬೇರೇನೂ ತಿನ್ನುತ್ತಿಲ್ಲ ಎಂದು ಅವನೇ ಹೇಳಿದ. ಕೇಳಿಸಿಕೊಂಡ ಹೆಂಗಸರು ಮುಖ ಮುಖ ನೋಡಿಕೊಂಡರು.

“ಬೇಕಂತಲೇ?” ಎಂದಳು ದುಗ್ಗಕ್ಕ.

“ಹೌದಮ್ಮ, ಪಾತ್ರಕ್ಕೆ.”

“ನಿನ್ನ ಹೆತ್ತವಳು ಎಲ್ಲಿ ಇರುದು?”

“ಹಾಸನದ ಹತ್ತಿರ ಒಂದು ಹಳ್ಳಿ.”

“ಪುಣ್ಯಾತ್ಗಿತ್ತಿ. ದೂರ ಉಂಟು” ಎಂದಳು ದುಗ್ಗಕ್ಕ.

ಮೊಹ್ಸಿನ್ ಎಂಬ ಹುಡುಗ ಕಿವಿಗೆ ದೊಡ್ಡ ಮುಚ್ಚಳಗಳನ್ನು ಹಾಕಿಕೊಂಡು, ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕನ್ನು ನನ್ನ ತಲೆಯ ಮೇಲೆ ಹಿಡಿದಿದ್ದ. ಇರುವೆ ನಡೆದರೂ ಅವನಿಗೆ ಕೇಳುತ್ತದೆ ಎಂದರು. ಬಿಳಿ ಹಲಗೆ ಹಿಡಿಯಲು ಜನ ಸಾಲದೆ ಇದ್ದುದರಿಂದ, ಶಾಲೆಗೆ ರಜೆಯಿದ್ದ ಗುಲಾಬಿಯನ್ನು ಕೇಳಿಕೊಂಡರು. ಅವಳು ಮುರಿದ ಮೂಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕ ನಿಂತಳು. ಬಾಗಿಲು ಮುಚ್ಚಿತ್ತು. ನಾನು ಒಳಗೆ ಮೊರ ಹಿಡಿದು ಕೂತಿದ್ದೆ. ನಿರಂಜನ “ಆಕ್ಷನ್” ಎಂದ. ಹೊರಗಿನಿಂದ ಭರತೇಶ “ಅವ್ವಾ” ಎಂದ. ಚೆನ್ನಾಗಿ ಕರೆದ. ನಾನು ಅಕ್ಕಿಯಲ್ಲಿ ಕಲ್ಲು ಆರಿಸಿದೆ.

“ಸೂಪರ್ ಅಮ್ಮ! ಒನ್ ಮೋರ್” ಎಂದ ನಿರಂಜನ.

ಹಾಗೆಂದರೇನು ಎಂದು ಕೇಳುವಷ್ಟರಲ್ಲಿ ಭರತೇಶ ಮತ್ತೆ “ಅವ್ವಾ” ಎಂದ.

ಅಂಗಳದಲ್ಲಿ ಸೇರಿದ್ದ ಜನ ಒಮ್ಮೆಲೆ ಸದ್ದು ಮಾಡಿದರು. ಯಾರೋ ತಮ್ಮ ಮಗುವಿನ ಕಿವಿ ಮುಚ್ಚಿದರು. ಪೆದ್ರು ಕಿಟಕಿಯಿಂದ ತಲೆ ಹಾಕಿ “ಓಯ್ ನಿರ್ದೇಶಕರೆ, ಅವನು ಎರಡನೇ ಸಲ ಕರೆದ!” ಎಂದು ದೂರು ಹೇಳುವವನ ಹಾಗೆ ಕೂಗಿದ. “ಹೌದು, ಕರೀಬೇಕು. ಈಗ ಮೂರನೇದು” ಎಂದ ನಿರಂಜನ. ಆ ದಿನ ಭರತೇಶ ಹನ್ನೊಂದು ಸಲ ಕರೆದ. ಬೆಳಕು ಹೋಯಿತು ಎಂದು ಒಮ್ಮೆ, ಕಾಗೆ ಕೂಗಿತು ಎಂದು ಒಮ್ಮೆ, ಮೊರ ಬೇಗ ಆಡಿಸಿದೆ ಎಂದು ಒಮ್ಮೆ. ಐದನೆಯ ಸಲಕ್ಕೆ ಗಂಡಸರು ಸಮುದ್ರದ ಕಡೆ ತಿರುಗಿ ನಿಂತರು. ದುಗ್ಗಕ್ಕ ಅವನ ಪರವಾಗಿ ತಾನೇ ನಾಚಿಕೊಂಡು, ಈ ಸಲ ನಿಜವಾಗಿ ಅತ್ತಳು. ಭರತೇಶನಿಗೆ ಏನೂ ಆಗಲಿಲ್ಲ. ಪ್ರತಿ ಸಲವೂ ನೀರು ಕುಡಿದು, ಕೂದಲು ಕೆದರಿಕೊಂಡು, ಅದೇ ಮೊದಲು ಎನ್ನುವ ಹಾಗೆ ಬಂದು ನಿಲ್ಲುತ್ತಿದ್ದ.

ಗುಲಾಬಿ ಮಾತ್ರ ತಿರುಗಿ ನಿಲ್ಲಲಿಲ್ಲ. ಹಲಗೆ ಕೆಳಗಿಟ್ಟು ಕೈ ಜಾಡಿಸಿಕೊಳ್ಳುವಾಗ ನಿರಂಜನನನ್ನು ಕೇಳಿದಳು: “ಹೀಗೆ ಎಷ್ಟು ಸಲ ಕರೀಬಹುದು?”

“ಸರಿ ಹೋಗೋವರೆಗೂ ಟೀಚರ್.”

“ಮೊದ್ಲು ಕರೆದದ್ದೆಲ್ಲ?”

“ಅದೆಲ್ಲ ಲೆಕ್ಕಕ್ಕಿಲ್ಲ. ಸರಿ ಬಂದಿದ್ದು ಒಂದೇ ಇಟ್ಕೋತೀವಿ.”

ಅವಳು ತಲೆಯಾಡಿಸಿದಳು. ಹೊಸ ಪಾಠ ಬಂದಾಗ ಅವಳು ತಲೆಯಾಡಿಸುವುದು ಹಾಗೆಯೇ.

ಗುರುವಾರ ಬಾಗಿಲು ತೆಗೆಯುವ ದಿನ. ನಿರಂಜನ ನನ್ನೆದುರು ಕುಕ್ಕುರುಗಾಲಲ್ಲಿ ಕೂತು ವಿವರಿಸಿದ. “ಅವನು ಕರೀತಾನೆ. ನೀವು ಒಂದು ಕ್ಷಣ ಸುಮ್ನಿದ್ದು, ಓ ಅಂತೀರಿ. ಆಮೇಲೆ ಎದ್ದು ಬಾಗಿಲು ತೆಗೀತೀರಿ.”

“ಓ ಅನ್ಬೇಕಂತ ಅವತ್ತು ಹೇಳ್ಲಿಲ್ಲ” ಎಂದೆ.

“ಒಂದೇ ಅಕ್ಷರ ಅಮ್ಮ!”

“ಬಂದೆ ಅಂತೇನೆ.”

“ಬಂದೆ ಅಂದ್ರೆ ಹಾಲಿನವನಿಗೆ ಹೇಳಿದ ಹಾಗಿರುತ್ತೆ. ಇಡೀ ಸಿನಿಮಾ ಆ ಒಂದು ಓ ಮೇಲೆ ನಿಂತಿದೆ.”

ಅಂಗಳದ ಜನಕ್ಕೆ ವಿಷಯ ತಿಳಿದು ಗಲಾಟೆಯಾಯಿತು. “ಜಟ್ಟಕ್ಕ, ಆ ಮೊಟ್ಟೆಯವನಿಗೆ ಮಾತ್ರ ಓ ಕೊಡ್ಬೇಡ ಮಾರಾಯ್ತಿ, ನಾಳೆ ಅವನು ದೋಣಿ ಹತ್ತುವವರೆಗೆ ಸಾಯ್ತೀಯ!” ಎಂದಳು ದುಗ್ಗಕ್ಕ. ಪೆದ್ರು, “ಹತ್ತಿದ ಮೇಲೆ ನನ್ನ ದೋಣಿಗೆ ಬಂಡೆ ದಾಟ್ಲಿಕ್ಕೆ ಬರೇ ಅರ್ಧ ಗಂಟೆ. ಅಷ್ಟು ತಡ್ಕೊಂಡ್ರಾಯ್ತು” ಎಂದ. ಊರಿನವರು ಎರಡು ಪಕ್ಷವಾದರು. ಎಲ್ಲರೂ ಭರತೇಶನ ಹೊಟ್ಟೆಯ ವಿಚಾರವೇ ಆಡಿದರು. ನನ್ನನ್ನು ತಡೆದದ್ದು ಅವನ ಹೊಟ್ಟೆಯಲ್ಲ. ಗುಲಾಬಿ ಅಲ್ಲೇ ಹಲಗೆ ಹಿಡಿದು ನಿಂತಿದ್ದಳು. ಮೂವತ್ತಾರು ವರ್ಷ ಅವಳಿಗೆ ಕೊಡದೇ ಇಟ್ಟದ್ದನ್ನು ಅವಳ ಕಣ್ಣೆದುರಲ್ಲೇ, ಮೊನ್ನೆ ದೋಣಿಯಿಂದ ಇಳಿದವನಿಗೆ ಕೊಡುವುದು ಸಾಧ್ಯವಿರಲಿಲ್ಲ.

ಮೊಹ್ಸಿನ್ ಒಂದು ಉಪಾಯ ಹೇಳಿದ. ಸದ್ದಿಲ್ಲದೆ ಬಾಯಿ ಮಾತ್ರ ಗುಂಡಗೆ ಮಾಡಿದರೆ, ಊರಿಗೆ ಹೋಗಿ ಬೇರೆ ಯಾರಿಂದಲಾದರೂ ಓ ಎನ್ನಿಸಬಹುದು. ಮಾಡಿದೆ. ಚಿಕ್ಕ ಪರದೆಯಲ್ಲಿ ತೋರಿಸಿದರು. ಗಾಳಕ್ಕೆ ಸಿಕ್ಕ ಕುರುಡೆ ಮೀನಿನ ಹಾಗೆ ಕಾಣುತ್ತಿದ್ದೆ. ಯಾರೂ ನಗಲಿಲ್ಲ, ಅದರಿಂದಲೇ ಎಷ್ಟು ಕೆಟ್ಟದಾಗಿದೆ ಎಂದು ತಿಳಿಯಿತು. ನಿರಂಜನ ಆ ಮಧ್ಯಾಹ್ನ ಅನ್ನ ಸೀಯಿಸಿದ.

ಭರತೇಶನಿಗೆ ಬೇರೆ ಕಡೆ ಕೆಲಸವಿತ್ತು. ಬಾಗಿಲ ಆಚೆಯ ಅವನ ಮುಖವನ್ನೆಲ್ಲ ಗುರುವಾರವೇ ತೆಗೆದುಕೊಂಡು, ಶುಕ್ರವಾರ ಬೆಳಿಗ್ಗೆ ಅವನನ್ನು ದೋಣಿ ಹತ್ತಿಸಿದರು. ಹೋಗುವಾಗ ನನ್ನ ಕಾಲು ಮುಟ್ಟಿ, “ಬೇಜಾರಿಲ್ಲ ಅಮ್ಮ. ನೀವು ಓ ಅನ್ನದೇ ಇದ್ದಿದ್ದಕ್ಕೇ ನನಗೆ ಅಳು ಸರಿಯಾಗಿ ಬಂತು” ಎಂದ. ಒಳ್ಳೆಯ ಹುಡುಗ. ಅವನಿಗೆ ಒಂದು ಹಿಡಿ ಒಣಸೀಗಡಿ ಕಟ್ಟಿಕೊಟ್ಟೆ, ತಿಂದನೋ ಇಲ್ಲವೋ.

ಉಳಿದದ್ದು ನನ್ನ ಮುಖ, ನನ್ನ ಓ. ಶನಿವಾರದ ದೋಣಿಗೆ ಎಲ್ಲರೂ ಹೋಗುವವರು. ಶುಕ್ರವಾರ ಬೆಳಿಗ್ಗೆ ಬಿಸಿಲು ಮೊದಲ ಗೀಟಿಗೆ ಬಂದಾಗ ಎಂದಿನಂತೆ ಗಂಜಿ ಬಡಿಸಿದೆ. ಗುಲಾಬಿ ತಟ್ಟೆ ನೋಡಿ “ಆಮೇಲೆ” ಎಂದು ಎದ್ದುಹೋದಳು. ಅಷ್ಟು ವರ್ಷದಲ್ಲಿ ಅವಳು ಬಡಿಸಿದ ತಟ್ಟೆ ಬಿಟ್ಟು ಎದ್ದದ್ದು ನೆನಪಿಲ್ಲ. ನಾನು ನನ್ನ ಪಾಲು ಉಂಡೆ, ಹಾಳಾಗಬಾರದೆಂದು ಅವಳದನ್ನೂ ಉಂಡೆ.

ಬಿಸಿಲು ಎರಡನೆಯ ಗೀಟಿಗೆ ಬರುವ ಮೊದಲೇ ಕ್ಯಾಮರಾ ಇಟ್ಟರು. ನಿರಂಜನನ ಮುಖ ಬಾಡಿತ್ತು. “ಕರೆಯೋದಕ್ಕೆ ಭರತೇಶ ಇಲ್ಲ. ಆದರೂ ಯಾರಾದ್ರೂ ಕರೆದ್ರೆ ನಿಮಗೆ ಅನುಕೂಲ. ಮೊಹ್ಸಿನ್, ನೀನು ಕರಿ” ಎಂದ.

“ಬೇಡ” ಎಂದೆ ನಾನು.

“ನಾನೇ ಕರೀತೀನಿ” ಎಂದ ನಿರಂಜನ.

“ನೀನಂತೂ ಬೇಡ” ಎಂದಳು ಅಂಗಳದಿಂದ ದುಗ್ಗಕ್ಕ. “ಅನ್ನ ಸೀಯಿಸುವವ.”

ಕಿಟಕಿಯ ಪಕ್ಕದಿಂದ ಗುಲಾಬಿ, ಹಾಜರಿ ಕರೆಯುವ ದನಿಯಲ್ಲಿ, “ನಾನು ಕರೀತೇನೆ” ಎಂದಳು.

ಅಂಗಳದವರೆಲ್ಲ ಕಿಟಕಿಯ ಕಡೆ ತಿರುಗಿದರು. ಸಿನಿಮಾದವರಿಗೆ ಅದು ಯಾಕೆಂದು ತಿಳಿಯಲಿಲ್ಲ. “ಹೆಂಗಸಿನ ದನಿ ಆದ್ರೂ ಪರವಾಗಿಲ್ಲ, ಆಮೇಲೆ ತೆಗೆದುಹಾಕ್ತೀವಿ” ಎಂದ ನಿರಂಜನ. ಗುಲಾಬಿ ಹಲಗೆಯನ್ನು ಕೆಳಗಿಡುವ ಹಾಗಿರಲಿಲ್ಲ, ಹಿಡಿದುಕೊಂಡೇ ನಿಂತಳು. ನಾನು ಮೊರ ತೆಗೆದುಕೊಂಡೆ.

“ಆಕ್ಷನ್.”

“ಅವ್ವಾ” ಎಂದಳು.

ನಾಲ್ಕು ವರ್ಷದವಳ ದನಿಯಾಗಿರಲಿಲ್ಲ ಅದು. ಮಕ್ಕಳಿಗೆ ಗದರಿ ಗದರಿ ಒರಟಾದ ಟೀಚರ ದನಿ. ನಾನು ಬಾಯಿ ತೆರೆದೆ. ಮೂವತ್ತಾರು ವರ್ಷ ಗಂಟಲಲ್ಲಿ ಸಿದ್ಧವಾಗಿಯೇ ಇತ್ತು ಎಂದುಕೊಂಡಿದ್ದೆ. ಇರಲಿಲ್ಲ. ಗಾಳಿ ಬಂತು, ದನಿ ಬರಲಿಲ್ಲ. ಮೊರದಲ್ಲಿ ಅಕ್ಕಿ ಒಂದು ಬದಿಗೆ ಸರಿಯಿತು. ನಾನು ತಲೆಯೆತ್ತಿ ಗುಲಾಬಿಯನ್ನು ನೋಡಲಿಲ್ಲ. ಎದುರಿನ ಗೋಡೆಯ ಮೇಲೆ ಅವಳ ಹಲಗೆಯಿಂದ ಬಿದ್ದ ಬೆಳಕು ಮಾತ್ರ ಕಾಣುತ್ತಿತ್ತು. ಅಂಗಳದಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಮುಗಿಯಿತು, ಇನ್ನು ಇವಳು ಈ ಮನೆಯಲ್ಲಿ ಇರುವುದಿಲ್ಲ ಎಂದುಕೊಂಡೆ.

“ಪರವಾಗಿಲ್ಲ” ಎಂದ ನಿರಂಜನ. “ಚೆನ್ನಾಗಿತ್ತು. ಒನ್ ಮೋರ್.”

ಬೆಳಕು ಗೋಡೆಯ ಮೇಲೆ ಸ್ವಲ್ಪ ಕೆಳಗಿಳಿಯಿತು, ಮತ್ತೆ ಮೇಲೇರಿ ಮೊದಲಿದ್ದ ಜಾಗದಲ್ಲಿ ನಿಂತಿತು. ಅವಳು ಹಲಗೆಯನ್ನು ಸರಿಯಾಗಿ ಹಿಡಿದುಕೊಂಡಿರಬೇಕು.

“ಅವ್ವಾ.”

“ಓ” ಎಂದೆ.

ಬೇರೆ ಹೆಂಗಸರು ಹೇಳುವುದನ್ನು ಕೇಳಿದ್ದೆನೇ ಹೊರತು ಅದು ಹೇಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಹೊಟ್ಟೆಯೊಳಗಿನ ತುಂಬಿದ ಕೊಡವನ್ನು ಯಾರೋ ಬೋರಲು ಹಾಕಿ ಖಾಲಿ ಮಾಡಿದ ಹಾಗಾಯಿತು. ನಾನು ಎದ್ದು ಬಾಗಿಲು ತೆಗೆಯಬೇಕಿತ್ತು. ಮೊರ ಹಿಡಿದು ಕೂತೇ ಇದ್ದೆ. ಮೊಹ್ಸಿನ್ ಕಿವಿಯ ಮುಚ್ಚಳ ಸರಿಸಿ ಕೈ ಎತ್ತಿದ.

“ಸಾರ್, ಓ ಅದ್ಭುತವಾಗಿ ಬಂತು. ಆದ್ರೆ ಅದರ ಹಿಂದೆಯೇ ಒಂದು ಸೌಂಡ್. ಅಮ್ಮನ ಹೊಟ್ಟೆ ಗುರ್ ಅಂತು.”

“ಹಾಗಾದ್ರೆ ಒನ್ ಮೋರ್...”

“ಬೇಡ!” ಎಂದರು ಅಂಗಳದಲ್ಲಿದ್ದವರೆಲ್ಲ, ಒಂದೇ ಬಾಯಿಯಲ್ಲಿ. ಪೆದ್ರು ಕಿಟಕಿಯ ಸರಳು ಹಿಡಿದು, “ಓ ಎರಡು ಸಲ ಇಲ್ಲ ಮಾರಾಯ್ರೆ. ಆ ಸದ್ದು ಅಲ್ಲೇ ಇರ್ಲಿ” ಎಂದ.

ನಿರಂಜನ ಅವರ ಮುಖಗಳನ್ನು ನೋಡಿ ಕ್ಯಾಮರಾ ನಿಲ್ಲಿಸಿದ. ಆ ಸದ್ದು ಸಿನಿಮಾದಲ್ಲಿ ಉಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಸಿನಿಮಾ ನಮ್ಮ ದ್ವೀಪಕ್ಕೆ ಇನ್ನೂ ಬಂದಿಲ್ಲ. ಬಾಗಿಲು ತೆಗೆಯುವುದನ್ನು ಆಮೇಲೆ ಬರೇ ಕೈ ಮಾತ್ರ ಕಾಣುವ ಹಾಗೆ ತೆಗೆದುಕೊಂಡರು. ಆ ಕೈ ದುಗ್ಗಕ್ಕನದು. ಈಗಲೂ ಅದನ್ನು ಎಲ್ಲರಿಗೂ ತೋರಿಸುತ್ತಾಳೆ.

ನಾನು ಮೊರ ಕೆಳಗಿಟ್ಟು ಅಡುಗೆಮನೆಗೆ ಹೋದೆ. ಬಿಸಿಲು ಇನ್ನೂ ಎರಡನೆಯ ಗೀಟಿಗೆ ಬೆರಳಷ್ಟು ದೂರದಲ್ಲಿತ್ತು. ಅನ್ನ ಹಾಕಿ, ಸೀಗಡಿ ಚಟ್ನಿ ಹಾಕಿ, ರೂಢಿಯಂತೆ ಇನ್ನೊಂದು ಸೌಟು ಹಾಕಿದೆ. ಗುಲಾಬಿ ಹಲಗೆ ಒರಗಿಸಿ, ಕಾಲು ತೊಳೆದು ಬಂದು ಕೂತಳು. ಬೆಳಿಗ್ಗೆ ಬೇಕಂತಲೇ ಹಸಿದುಕೊಂಡಳೋ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳು ಉಂಡಳು, ನಾನು ಎದುರು ಕೂತಿದ್ದೆ. ಒಂದೊಂದು ತುತ್ತಿಗೂ ನನ್ನ ಹೊಟ್ಟೆಯ ಸಂಕಟ ಇಳಿಯುತ್ತಾ ಬಂತು. ತಟ್ಟೆ ಅರ್ಧವೂ ಆಗಿರಲಿಲ್ಲ, ಸಂಕಟ ಪೂರ್ತಿ ನಿಂತಿತು. ಅವಳ ಕೈ ನಿಲ್ಲಲಿಲ್ಲ. ತಲೆ ತಗ್ಗಿಸಿಕೊಂಡು, ನಾಲ್ಕು ವರ್ಷದವಳಾಗಿದ್ದಾಗಿನಿಂದ ಉಂಡ ಹಾಗೆಯೇ ಮುಂದಿನ ತುತ್ತು ಕಲಸಿದಳು, ಅದರ ಮುಂದಿನದನ್ನೂ. ನನ್ನ ಹೊಟ್ಟೆ ಬಿಗಿಯತೊಡಗಿತು.

ನಾನು ಕೈ ಚಾಚಿ ಅವಳ ತಟ್ಟೆಯನ್ನು ಎಳೆದುಕೊಂಡೆ.

“ಸಾಕು” ಎಂದೆ. “ನಿಂಗೆ ಹೊಟ್ಟೆ ತುಂಬಿದೆ. ಕೈ ತೊಳ್ಕೊ.”